ಮೇವಿನ ಹಣ ಮೊದಲೇ ಕಳಿಸೋಣ



ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ದುಡಿಯುವ ನಾವು ಊರಿಗೆ ಹಣ ಕಳಿಸುತ್ತೇವೆ. ಆದರೆ ಯಾವಾಗ? ಮೇವಿಲ್ಲದೆ ಎತ್ತು ಸಂತೆಗೆ ಹೋದ ಮೇಲೆ!

2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸರಕಾರವೇ ಸಾರಿತು. ಬರದಲ್ಲಿ ಎಲ್ಲರೂ ಒಮ್ಮೆಲೇ ಮಾರಹೊರಟರೆ ದನದ ಬೆಲೆ ಇಳಿಯುತ್ತದೆ, ಮೇವಿನ ಬೆಲೆ ಏರುತ್ತದೆ. ಸರಕಾರ ಗೋಶಾಲೆ, ಮೇವು ಬ್ಯಾಂಕು ತೆರೆಯುವುದುಂಟು; ಅಲ್ಲಿಯವರೆಗೆ ಹಸಿದ ದನ ಕಾಯಲಾರದು.

ಆದಕಾರಣ ಹಿಂಗಾರಿ ಸುಗ್ಗಿಯಲ್ಲೇ ಹಣ ಹೋಗಲಿ. ಮನೆಯವರು ಜೋಳದ ಕಣಿಕೆ ಕೊಂಡು ಬಣವೆ ಒಟ್ಟಲಿ. ನೀರಿದ್ದವರು ಹಸಿ ಮೆಕ್ಕೆಜೋಳ ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಲಿ. ಸುಮಾರು 45 ದಿನಕ್ಕೆ ರಸಮೇವಾಗುತ್ತದೆ, ತಿಂಗಳುಗಟ್ಟಲೆ ಕೆಡದು.

ಮಳೆ ನಮ್ಮ ಕೈಯಲ್ಲಿಲ್ಲ. ಪಗಾರ ಇದೆ. ಸುಗ್ಗಿಯ ತಿಂಗಳಲ್ಲಿ ಅದರ ಮೊದಲ ಪಾಲನ್ನು ಬಣವೆಗೆ ಎತ್ತಿಡೋಣ.