ಪರದೇಶಿಯ ಋಣ

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅನ್ಯದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ನಮ್ಮ ವಿರೂಪಾಕ್ಷಿಪುರದ ಕಡೆ ಹಿರಿಯ ಹೆಂಗಸರು ಯಾರನ್ನಾದರೂ ಕುರಿತು ‘ಪಾಪ, ಪರದೇಶಿ’ ಎಂದು ಮರುಗಿದರೆ, ಅವರ ಮನಸ್ಸಿನಲ್ಲಿರುವುದು ಹಡಗೇರಿ ಬಂದ ಬಿಳಿಯನಲ್ಲ, ತನ್ನವರೆನ್ನುವವರಿಲ್ಲದ ಜೀವ. ಈ ಎರಡು ಅರ್ಥಗಳೂ ಒಬ್ಬನೇ ಮನುಷ್ಯನಲ್ಲಿ ಕೂಡಿದಾಗ ಹುಟ್ಟುವ ಒಂದು ಬಗೆಯ ಕಥೆಯಿದೆ. ದೂರದ ನಾಡಿನವನೊಬ್ಬ ಅಪರಿಚಿತ ವೀರರ ಕೈಗೆ ಸಿಕ್ಕಿ, ಮೊದಲು ಅವರನ್ನು ಹಳಿದು, ಆಮೇಲೆ ಅವರ ನುಡಿಯನ್ನೂ ನಡೆಯನ್ನೂ ಕಲಿತು, ಕೊನೆಗೆ ಅವರಲ್ಲೊಬ್ಬನಾಗುವ ಕಥೆ. ಐತಿಹಾಸಿಕ ಸಾಹಸ ಕಾದಂಬರಿಗಳ ಓದುಗರಿಗೆ ಇದು ಅಚ್ಚುಮೆಚ್ಚಿನ ವಸ್ತು. ಇಂಥ ಕಥೆಗಳನ್ನು ನಾವು ಹೇಗೆ ಓದಬೇಕು, ಅವುಗಳಿಗೂ ನಮ್ಮ ನಾಡಿಗೂ ಏನು ನಂಟು ಎಂಬುದರ ಬಗ್ಗೆ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಈ ಬಗೆಯ ಕಾದಂಬರಿಗಳಲ್ಲಿ ಲೋಕಪ್ರಸಿದ್ಧವಾದದ್ದು ಜೇಮ್ಸ್ ಕ್ಲಾವೆಲ್ ಬರೆದ ‘ಶೋಗನ್’. 1975ರಲ್ಲಿ ಪ್ರಕಟವಾದ ಈ ಬೃಹತ್ ಕೃತಿ 1980ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಕಿರುತೆರೆಗೆ ಬಂದಿತು. ಅದರ ನಾಯಕ ಬ್ಲ್ಯಾಕ್‌ಥಾರ್ನ್ ಕಲ್ಪಿತ ವ್ಯಕ್ತಿಯಾದರೂ ಅವನ ಹಿಂದೆ ನಿಜವಾದ ಒಬ್ಬ ಮನುಷ್ಯನಿದ್ದಾನೆ. ಅವನೇ ಇಂಗ್ಲೆಂಡಿನ ವಿಲಿಯಂ ಆಡಮ್ಸ್. 1600ರ ಏಪ್ರಿಲ್ ತಿಂಗಳಲ್ಲಿ ‘ಲೀಫ್ಡೆ’ ಎಂಬ ಡಚ್ಚರ ಹಡಗು, ಸಾಯಲಿದ್ದ ಬೆರಳೆಣಿಕೆಯ ನಾವಿಕರೊಂದಿಗೆ ಜಪಾನಿನ ದಡ ಸೇರಿದಾಗ ಆ ಹಡಗಿಗೆ ದಾರಿ ತೋರುವ ಕೆಲಸ ಅವನದಾಗಿತ್ತು. ಮುಂದೆ ಇಡೀ ಜಪಾನನ್ನು ಆಳಿದ ತೊಕುಗವ ಇಯೆಯಾಸು ಅವನನ್ನು ತನ್ನ ಬಳಿ ಇರಿಸಿಕೊಂಡ, ಹಡಗು ಕಟ್ಟಿಸಿದ, ಭೂಮಿಯನ್ನೂ ಸಮುರಾಯ್ ಪದವಿಯನ್ನೂ ಕೊಟ್ಟ. ಆದರೆ ಊರಿಗೆ ಹೋಗಿಬರುತ್ತೇನೆಂದರೆ ಬಹುಕಾಲ ಅಪ್ಪಣೆ ಕೊಡಲಿಲ್ಲ. ಆಡಮ್ಸ್ 1620ರಲ್ಲಿ ಅಲ್ಲಿಯೇ, ಹಿರಾದೊ ಎಂಬಲ್ಲಿ ತೀರಿಕೊಂಡ. ಇಂಗ್ಲೆಂಡಿನಲ್ಲಿ ಬಿಟ್ಟುಬಂದ ಸಂಸಾರಕ್ಕೂ ಜಪಾನಿನಲ್ಲಿ ಕಟ್ಟಿಕೊಂಡ ಸಂಸಾರಕ್ಕೂ ತನ್ನ ಆಸ್ತಿಯನ್ನು ಹಂಚಿ ಉಯಿಲು ಬರೆದಿಟ್ಟಿದ್ದ. ಅವನ ಸಾಹಸಗಳಿಗಿಂತ ಈ ಉಯಿಲೇ ನನ್ನ ಮನಸ್ಸನ್ನು ಹೆಚ್ಚು ಹಿಡಿದಿದೆ. ಎರಡು ಕಡೆಯ ಋಣವನ್ನೂ ಅವನು ಒಪ್ಪಿಕೊಂಡ.

ಕ್ಲಾವೆಲ್ ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿದ್ದವನು. ತನ್ನನ್ನು ಸೆರೆಯಲ್ಲಿಟ್ಟ ಜನರ ಪೂರ್ವಜರನ್ನು ಕುರಿತು ಅವನು ಇಷ್ಟು ಕುತೂಹಲದಿಂದ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ. ಕಾದಂಬರಿಯ ಸತ್ವವೂ ಇಲ್ಲಿಯೇ ಇದೆ. ತಾನೇ ಕಥೆಯ ನಾಯಕನೆಂದು ಬ್ಲ್ಯಾಕ್‌ಥಾರ್ನ್ ತಿಳಿದಿರುತ್ತಾನೆ. ಆದರೆ ಅವನ ಹಡಗನ್ನು ಸುಡಿಸಿದವನು ಅವನ ಒಡೆಯ ತೊರನಾಗನೇ ಎಂಬುದು ಕೊನೆಯಲ್ಲಿ ಓದುಗನಿಗೆ ತಿಳಿಯುತ್ತದೆ. ಅವನಿಗೆ ನುಡಿ ಕಲಿಸಿದ ಮಾರಿಕೋ ತನ್ನ ಕುಲದ ಮಾನಕ್ಕಾಗಿ, ಒಡೆಯನ ಕಾರ್ಯಕ್ಕಾಗಿ ಪ್ರಾಣ ತೆರುತ್ತಾಳೆ. ಪರದೇಶಿ ಕಲಿತ, ಬೆಲೆ ಕೊಟ್ಟವರಲ್ಲಿ ಕಲಿಸಿದವಳು ಮೊದಲಿಗಳು.

‘ಸಮುರಾಯ್’ ಎಂಬ ಪದದ ಮೂಲಾರ್ಥ ಸೇವೆಯಲ್ಲಿ ನಿಂತವನು ಎಂದು. ಒಡೆಯನಿಗಾಗಿ ಸಾಯುವುದನ್ನು ಬಾಳಿನ ಸಾರ್ಥಕ್ಯವೆಂದು ತಿಳಿದವರ ಈ ಲೋಕ ಪಾಶ್ಚಾತ್ಯ ಓದುಗರಿಗೆ ವಿಚಿತ್ರವಾಗಿ ಕಂಡಿರಬಹುದು. ಕನ್ನಡಿಗರಿಗೆ ಹಾಗೆ ಕಾಣಬೇಕಾಗಿಲ್ಲ. ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟು ತೀರಿಸುವುದಕ್ಕೆ ನಮ್ಮ ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತೇ ಇದೆ. ಒಡೆಯ ಅಳಿದರೆ ತಾನೂ ಅಳಿಯುವೆನೆಂದು ಭಾಷೆ ಕೊಟ್ಟವನು ‘ವೇಳೆವಾಳಿ’. ಹೊಯ್ಸಳರ ಕಾಲದಲ್ಲಿ ಇಂಥವರಿಗೆ ‘ಗರುಡ’ರೆಂಬ ಹೆಸರಿತ್ತು. ಇಮ್ಮಡಿ ಬಲ್ಲಾಳನೊಂದಿಗೆ ತಾನೂ ಪ್ರಾಣ ಬಿಟ್ಟ ದಂಡನಾಯಕ ಕುವರ ಲಕ್ಷ್ಮನ ಕಥೆಯನ್ನು ಹಳೇಬೀಡಿನ ಗರುಡಗಂಬ ಇಂದಿಗೂ ಹೇಳುತ್ತಿದೆ. ನಮ್ಮ ಸೀಮೆಯಲ್ಲಿ ಕೆರೆಯ ಏರಿಯ ಮೇಲೋ ಊರ ಮುಂದಿನ ಮರದಡಿಯಲ್ಲೋ ನಿಂತ ವೀರಗಲ್ಲುಗಳು ಅಪರೂಪವಲ್ಲ. ಅವನ್ನು ಬಲ್ಲವನಿಗೆ ಸಮುರಾಯ್ ಅರ್ಥವಾಗದ ಒಗಟಲ್ಲ, ದೂರದ ನೆಂಟ.

‘ಶೋಗನ್’ ಪ್ರಕಟವಾದ 1975ರಲ್ಲಿಯೇ, ಆಗಸ್ಟ್ 15ರಂದು, ‘ಶೋಲೆ’ ಚಲನಚಿತ್ರ ತೆರೆಕಂಡಿತು. ಕೂಲಿ ವೀರರನ್ನು ಕರೆತಂದು ದರೋಡೆಕೋರರಿಂದ ಹಳ್ಳಿಯನ್ನು ಉಳಿಸಿಕೊಳ್ಳುವ ಅದರ ಕಥೆಯ ಬೇರು ಅಕಿರಾ ಕುರೊಸಾವಾ 1954ರಲ್ಲಿ ತೆಗೆದ ‘ಸೆವೆನ್ ಸಮುರಾಯ್’ವರೆಗೆ ಹೋಗುತ್ತದೆ. ಆ ಕಥೆಗೆ ನೆಲೆಯಾದದ್ದು ನಮ್ಮ ನೆರೆಯ ರಾಮನಗರದ ಬಂಡೆಗಳು. ಹೀಗೆ ಸಮುರಾಯ್ ಕಥೆ ನಮ್ಮ ಬಾಗಿಲಿಗೇ ಬಂದುಹೋಯಿತು. ಆದರೆ ಅದೇ ಬಂಡೆಗಳಿಗೆ ಸೇರಿದ, ಪರದೇಶಿಯೂ ವೀರರೂ ಎದುರುಬದುರಾದ ನಿಜವಾದ ಕಥೆಗಳ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿಯಲಿಲ್ಲ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಹತ್ತಿತು. ಅದರ ಬೆನ್ನಿಗೇ ರಾಮಗಿರಿಯೂ ಶರಣಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಲ್ಲಿ ರಾಮನಗರ ‘ಕ್ಲೋಸ್‌ಪೇಟೆ’ಯಾಯಿತು. ಪೇಟೆಗೆ ಆ ಹೆಸರು ಈಗಿಲ್ಲ. ಭೂವಿಜ್ಞಾನಿಗಳು ಮಾತ್ರ ಈ ಸಾಲಿನ ಕಲ್ಲನ್ನು ಈಗಲೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ.

ಆ ಯುದ್ಧಗಳ ಸುತ್ತ ಇಂಗ್ಲಿಷಿನಲ್ಲಿ ಸಾಹಸ ಕಥೆಗಳು ಬೇಗನೆ ಹುಟ್ಟಿದವು. ಸರ್ ವಾಲ್ಟರ್ ಸ್ಕಾಟ್ 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆ ಬರೆದ. ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ತೊಡಗುವ ಆ ಕಥೆ ಹೈದರ್ ಮತ್ತು ಟಿಪ್ಪುವಿನ ಸಮ್ಮುಖದಲ್ಲಿ ಮುಗಿಯುತ್ತದೆ. ಫಕೀರನ ವೇಷದಲ್ಲಿದ್ದ ಹೈದರ್ ತನ್ನ ನಿಜರೂಪ ತೋರುತ್ತಾನೆ; ದ್ರೋಹಿಯಾದ ಬಿಳಿಯನನ್ನು ಆನೆ ತುಳಿದು ಕೊಲ್ಲುತ್ತದೆ. ಸ್ಕಾಟ್ ಭಾರತವನ್ನು ಕಂಡವನಲ್ಲ. ಆದ್ದರಿಂದ ಅವನ ಮೈಸೂರು ಸೀಮೆಯಲ್ಲಿ ಆನೆ, ಅಂಬಾರಿ, ದರ್ಬಾರುಗಳಿವೆ. ರಾಗಿಯ ಹೊಲವಿಲ್ಲ, ನೀರು ಸೇದುವ ಹೆಂಗಸಿಲ್ಲ.

ಕಂಡವನೊಬ್ಬನಿದ್ದ. ಅವನು ಕಾದಂಬರಿಕಾರನಲ್ಲ, ಹದಿಹರೆಯದ ನಾವಿಕ. ಹೆಸರು ಜೇಮ್ಸ್ ಸ್ಕರ್ರಿ. 1782ರಲ್ಲಿ ‘ಹ್ಯಾನಿಬಲ್’ ಎಂಬ ಇಂಗ್ಲಿಷರ ಹಡಗನ್ನು ಫ್ರೆಂಚರು ಹಿಡಿದರು. ಸೆರೆಸಿಕ್ಕವರನ್ನು ಫ್ರೆಂಚ್ ನೌಕಾಧಿಪತಿ ಸುಫ್ರೆನ್ ಹೈದರಾಲಿಗೆ ಒಪ್ಪಿಸಿದ. ಹುಡುಗರನ್ನು ಆರಿಸಿ ಶ್ರೀರಂಗಪಟ್ಟಣಕ್ಕೆ ತಂದರು. ಅವರಿಗೆ ಬಲವಂತದಿಂದ ಮತಾಂತರವಾಯಿತು. ಹೊಸ ಉಡುಪು ಬಂದಿತು. ‘ಚೇಲಾ’ ಪಡೆಗಳಲ್ಲಿ ಕವಾಯತು ನಡೆಯಿತು. ಸ್ಕರ್ರಿಗೆ ಮದುವೆಯೂ ಆಯಿತು. ಸುಮಾರು ಹತ್ತು ವರ್ಷಗಳ ಮೇಲೆ ಅವನು ತಪ್ಪಿಸಿಕೊಂಡು ತನ್ನವರನ್ನು ಸೇರಿದ. ಅವನ ಅನುಭವ ಕಥನ 1824ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ಸಂಗತಿ ಬಹಳ ಮಾರ್ಮಿಕವಾಗಿದೆ. ಬಿಡುಗಡೆಯಾಗಿ ಬಂದವನಿಗೆ ಕುರ್ಚಿಯಲ್ಲಿ ಕೂರಲು ಬಾರದು, ಚೂರಿ ಚಮಚೆಗಳಲ್ಲಿ ಉಣ್ಣಲು ಬಾರದು, ತನ್ನವರ ಉಡುಪು ಮೈಗೆ ಒಗ್ಗದು, ತಾಯ್ನುಡಿ ತೊದಲುತ್ತಿತ್ತು, ಮೈಬಣ್ಣ ಬಿಸಿಲಿಗೆ ಕಪ್ಪಿಟ್ಟಿತ್ತು. ಅವನು ಈ ನೆಲಕ್ಕೆ ಒಲಿದು ಬಂದವನಲ್ಲ. ಆದರೂ ನೆಲ ಅವನ ಮೈಗೆ ಇಳಿದಿತ್ತು. ನಮ್ಮ ಮಾತಿನ ಎರಡು ಅರ್ಥದಲ್ಲಿಯೂ ಅವನು ಪರದೇಶಿ. ಇಲ್ಲಿ ಹಾಗಿದ್ದ, ಹಿಂದಿರುಗಿದ ಮೇಲೆ ಅಲ್ಲಿಯೂ ಹಾಗೆಯೇ ಆದ.

ಆದರೆ ಸ್ಕರ್ರಿಯ ಪಕ್ಕದಲ್ಲಿ ಸಾಲುಗಟ್ಟಿ ನಿಂತವರು ಯಾರು? 1779ರಲ್ಲಿ ಮದಕರಿನಾಯಕನ ಚಿತ್ರದುರ್ಗ ಬಿದ್ದಾಗ ಹೈದರ್ ಅಲ್ಲಿಯ ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರ ಗಂಡುಮಕ್ಕಳನ್ನು ಆರಿಸಿ ಚೇಲಾ ಪಡೆಗಳನ್ನು ಕಟ್ಟಿದನೆಂದೂ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ದುರ್ಗದ ಬೇಡರ ಮಕ್ಕಳು, ಇಂಗ್ಲೆಂಡಿನ ನಾವಿಕ ಹುಡುಗರು ಒಂದೇ ಹೆಸರಿನ ಪಡೆಗಳಲ್ಲಿ, ಒಂದೇ ಬಗೆಯ ಬಲಾತ್ಕಾರದಲ್ಲಿ ಬೆಳೆದರು. ಸ್ಕರ್ರಿ ಪುಸ್ತಕ ಬರೆದ. ದುರ್ಗದ ಹುಡುಗನ ಪುಸ್ತಕ ನಮ್ಮ ಕೈಯಲ್ಲಿಲ್ಲ. ಸ್ಕರ್ರಿ ಬಿಟ್ಟುಹೋದ ಹೆಂಡತಿಯ ಕಥೆಯನ್ನು ಆಕೆಯ ಬಾಯಿಂದ ಕೇಳುವ ಭಾಗ್ಯವೂ ನಮಗಿಲ್ಲ. ತ. ರಾ. ಸು. ಅವರು ‘ದುರ್ಗಾಸ್ತಮಾನ’ದಲ್ಲಿ ಕೋಟೆ ಬಿದ್ದ ಕಥೆಯನ್ನು ಮನಮುಟ್ಟುವಂತೆ ಹೇಳಿದರು. ಕೋಟೆ ಬಿದ್ದ ಮೇಲೆ ಸರತಿಯಲ್ಲಿ ನಡೆದುಹೋದ ಆ ಮಕ್ಕಳ ಕಥೆಯೂ ಅಷ್ಟೇ ದೊಡ್ಡದು.

ಇನ್ನೊಬ್ಬನ ಮಾತು ಹೇಳಲೇಬೇಕು. ಫಿಲಿಪ್ ಮೆಡೋಸ್ ಟೇಲರ್ ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಮುಂಬಯಿಗೆ ಬಂದಿಳಿದ. ಆ ಆಸೆ ಕೈಗೂಡದೆ ನಿಜಾಮನ ಸೈನ್ಯ ಸೇರಿದ. ಇಲ್ಲಿಯ ನುಡಿಗಳನ್ನು ಕಲಿತ. 1839ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಬರೆದು ಹೆಸರಾದ. ಮರುವರ್ಷವೇ ಮೈಸೂರು ಯುದ್ಧವನ್ನು ಕುರಿತ ‘ಟಿಪ್ಪೂ ಸುಲ್ತಾನ್’ ಕಾದಂಬರಿ ಬಂದಿತು. ಅದರಲ್ಲಿ ಹರ್ಬರ್ಟ್ ಕಾಂಪ್ಟನ್ ಎಂಬ ಇಂಗ್ಲಿಷ್ ಸೆರೆಯಾಳಿದ್ದಾನೆ. ಆದರೆ ಕಥೆಯ ಹೃದಯ ಕಾಸಿಂ ಅಲಿ ಎಂಬ ಯುವಕನ ಕಡೆಗಿದೆ. ಸ್ಕಾಟ್ ಕಾಣದಿದ್ದ ನೆಲವನ್ನು ಟೇಲರ್ ಕಂಡಿದ್ದ ಎಂಬುದು ಪುಟಪುಟದಲ್ಲಿ ತಿಳಿಯುತ್ತದೆ.

1842ರಿಂದ 1853ರವರೆಗೆ ಟೇಲರ್ ಬೇಡ ನಾಯಕರ ಸುರಪುರದಲ್ಲಿದ್ದ. ಇಂದಿನ ಯಾದಗಿರಿ ಜಿಲ್ಲೆಯ ಆ ಊರಿನಲ್ಲಿ ‘ಟೇಲರ್ ಮಂಜಿಲ್’ ಈಗಲೂ ಇದೆ. ಎಳೆಯ ಅರಸ ವೆಂಕಟಪ್ಪನಾಯಕ ಪ್ರಾಯಕ್ಕೆ ಬರುವ ತನಕ ಸಂಸ್ಥಾನದ ಆಡಳಿತ ನೋಡಿಕೊಳ್ಳುವುದು ಅವನ ಕೆಲಸ. ಒಡೆಯನ ಮಾತಿಗೆ ಪ್ರಾಣ ಕೊಡುವ ಬೇಡ ಪಡೆ ಅವನ ಸುತ್ತಲೂ ಇತ್ತು. ಕ್ಲಾವೆಲನ ನಾಯಕ ಕಲ್ಪನೆಯಲ್ಲಿ ಬಾಳಿದ್ದನ್ನು ಟೇಲರ್ ಹನ್ನೊಂದು ವರ್ಷ ನಿಜವಾಗಿ ಬಾಳಿದ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಆಡಮ್ಸ್ ಅಲ್ಲಿ ಸೇವಕ, ಟೇಲರ್ ಇಲ್ಲಿ ಅಧಿಕಾರಿ. ಬಾಲಕ ಅರಸ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ.

1858ರಲ್ಲಿ ವೆಂಕಟಪ್ಪನಾಯಕ ಇಂಗ್ಲಿಷರ ವಿರುದ್ಧ ಎದ್ದ. ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕ. ಟೇಲರ್ ಸೆರೆಮನೆಗೆ ಹೋಗಿ ಅವನನ್ನು ಕಂಡ. ಕಳ್ಳನನ್ನು ನೇಣಿಗೆ ಹಾಕುವಂತೆ ತನ್ನನ್ನು ಹಾಕಬಾರದು, ಕೊಲ್ಲುವುದಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದು ಅರಸ ಕೇಳಿಕೊಂಡನೆಂದು ಟೇಲರ್ ಬರೆಯುತ್ತಾನೆ. ಮರಣದಂಡನೆ ಕಡಿಮೆಯಾಗಿ, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸವೆಂದು ತೀರ್ಮಾನವಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಅರಸ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹೊಡೆದುಕೊಂಡು ಸತ್ತನೆಂಬುದು ಟೇಲರನ ಬರಹದಿಂದ ತಿಳಿಯುತ್ತದೆ. ಆಗ ಅವನಿನ್ನೂ ಇಪ್ಪತ್ತನಾಲ್ಕರ ಆಸುಪಾಸಿನ ಯುವಕ. ಸುರಪುರ ಸಂಸ್ಥಾನವೂ ಉಳಿಯಲಿಲ್ಲ.

ಇದರ ಮುಂದಿನದೇ ನನ್ನನ್ನು ಕಾಡುವ ಸಂಗತಿ. ಟೇಲರ್ ಆಮೇಲೆಯೂ ಕಾದಂಬರಿಗಳನ್ನು ಬರೆದ. ಮರಾಠರ ಉದಯವನ್ನು ಕುರಿತು ‘ತಾರಾ’ ಬರೆದ; 1857ರ ದಂಗೆಯ ಹಿನ್ನೆಲೆಯಲ್ಲಿ ‘ಸೀತಾ’ ಬರೆದ; ಚಾಂದಬೀಬಿಯನ್ನು ಕುರಿತು ‘ಎ ನೋಬಲ್ ಕ್ವೀನ್’ ಬರೆದ. ದೂರದ ಕಾಲದ, ದೂರದ ಮನೆಗಳ ಕಥೆಗಳಿಗೆಲ್ಲ ಅವನ ಲೇಖನಿ ಒದಗಿತು. ತನ್ನನ್ನು ಅಪ್ಪನೆಂದು ಕರೆದ ಹುಡುಗನ ಕಥೆಯನ್ನು ಮಾತ್ರ ಅವನು ಕಾದಂಬರಿಯಾಗಿಸಲಿಲ್ಲ. ಅದು ಅವನು ಸತ್ತ ಮರುವರ್ಷ, 1877ರಲ್ಲಿ, ಪ್ರಕಟವಾದ ಆತ್ಮಕಥೆಯಲ್ಲಿ ಕೆಲವು ಪುಟಗಳಾಗಿ ಉಳಿಯಿತು. ಪ್ರೀತಿ ಕಡಿಮೆಯಿತ್ತೆಂದು ಹೇಳಲಾಗದು. ಆ ಪುಟಗಳು ಅವನ ಬರಹದಲ್ಲೆಲ್ಲ ಹೆಚ್ಚು ಆರ್ದ್ರವಾದವು. ಸಾಹಸ ಕಥೆಗೆ ಗೆಲ್ಲುವ ನಾಯಕ ಬೇಕು. ಈ ಕಥೆಯಲ್ಲಿ ಗೆದ್ದವರು ಟೇಲರನ ಕಡೆಯವರು. ಸತ್ತವನು ಅವನ ಮಗನಂತಿದ್ದವನು. ಇಂಥ ಕಥೆ ಸಾಹಸದ ಚೌಕಟ್ಟಿಗೆ ಒಗ್ಗುವುದಿಲ್ಲ.

ಆದ್ದರಿಂದ ‘ಶೋಗನ್’ನಂಥ ಕೃತಿಯನ್ನು ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಪರದೇಶಿ ಕತ್ತಿ ಹಿಡಿಯುವುದನ್ನು ಎಷ್ಟು ಚೆನ್ನಾಗಿ ಕಲಿತ ಎಂಬುದಲ್ಲ; ಕಲಿಸಿದವರಿಗೆ ಆ ಕಥೆಯಲ್ಲಿ ಎಷ್ಟು ಜಾಗ ಸಿಕ್ಕಿತು ಎಂಬುದು. ಅವರಿಗೆ ಹೆಸರಿದೆಯೇ, ತಮ್ಮದೇ ಮನಸ್ಸಿದೆಯೇ, ಪರದೇಶಿ ಬರುವ ಮೊದಲೂ ಹೋದ ಮೇಲೂ ಬಾಳಿದೆಯೇ? ಈ ಒರೆಗಲ್ಲಿನಲ್ಲಿ ಸ್ಕಾಟ್ ನಿಲ್ಲುವುದಿಲ್ಲ. ಕ್ಲಾವೆಲ್ ಬಹುಮಟ್ಟಿಗೆ ನಿಲ್ಲುತ್ತಾನೆ. ಟೇಲರ್ ಕಾದಂಬರಿಗಿಂತ ಆತ್ಮಕಥೆಯಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತಾನೆ.

ಉಳಿದ ಕೆಲಸ ನಮ್ಮದು. ಪರದೇಶಿಯ ಕಣ್ಣಿನಿಂದ ಬರೆದ ಪುಸ್ತಕಗಳನ್ನು ಅಲಕ್ಷಿಸುವುದರಿಂದ ನಮಗೆ ಲಾಭವಿಲ್ಲ. ಅವು ಇಲ್ಲದಿದ್ದರೆ ವೆಂಕಟಪ್ಪನಾಯಕನ ಕೊನೆಯ ಮಾತುಗಳೂ ನಮಗೆ ಕೇಳುತ್ತಿರಲಿಲ್ಲ. ಅವನ್ನು ಓದಿ, ಅವು ಬಿಟ್ಟ ಜಾಗಗಳನ್ನು ಗುರುತಿಸಬೇಕು. ದುರ್ಗದಿಂದ ನಡೆದ ಹುಡುಗ, ಶ್ರೀರಂಗಪಟ್ಟಣದಲ್ಲಿ ಉಳಿದುಹೋದ ಹೆಂಡತಿ, ಸಾವನದುರ್ಗದ ಕೋಟೆಯೊಳಗಿದ್ದ ಹೆಸರಿಲ್ಲದ ಕಾವಲುಗಾರ, ಇವರೆಲ್ಲ ಆ ಜಾಗಗಳಲ್ಲಿದ್ದಾರೆ. ಇವರ ಕಥೆಯನ್ನು ಕನ್ನಡದಲ್ಲಿ ಬರೆಯುವವರಿಗೆ ಬೇಕಾದ ನೆಲ, ಕಲ್ಲು, ನುಡಿ ಎಲ್ಲವೂ ನಮ್ಮಲ್ಲಿಯೇ ಇವೆ. ಆಡಮ್ಸ್ ತನ್ನ ಋಣವನ್ನು ಉಯಿಲಿನಲ್ಲಿ ತೀರಿಸಿದ. ನಮ್ಮವರ ಋಣವನ್ನು ನಾವು ಬರೆದೇ ತೀರಿಸಬೇಕು.