ಹೆಗ್ಗಣದ ಬಿಲ ಮತ್ತು ವಿಷದ ಪೊಟ್ಟಣ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಅಂಗಳ, ಹಿತ್ತಿಲು, ಗದ್ದೆಯ ಬದುಗಳಲ್ಲಿ ಹೊಸಮಣ್ಣಿನ ಗುಪ್ಪೆಗಳು ಏಳುತ್ತವೆ. ಗೆಣಸು, ಕೆಸುವಿನ ಗೆಡ್ಡೆಗಳು ನೆಲದೊಳಗೇ ಮಾಯವಾಗುತ್ತವೆ. ಮರುದಿನವೇ ಪೇಟೆಯಿಂದ ವಿಷದ ಪೊಟ್ಟಣ ತರುವುದು ಹಲವು ಮನೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಬಿಲದ ಉಪದ್ರವ ನಿಜವಾದದ್ದು. ಅದನ್ನು ಸಹಿಸಿಕೊಂಡಿರಿ ಎಂದು ನಾನು ಹೇಳಲಾರೆ. ಆದರೆ ವಿಷ ಹಾಕಿದ ನೆಲಕ್ಕೆ ಇಲಿ ಮರಳುವಷ್ಟು ಬೇಗ ಇಲಿಯನ್ನು ತಿನ್ನುವ ಜೀವಿಗಳು ಮರಳುವುದಿಲ್ಲ. ಈ ಒಂದು ಸಂಗತಿಯನ್ನು ತಮ್ಮ ಮುಂದಿಡಬಯಸುತ್ತೇನೆ.

ಮೊದಲು, ಅಗೆದವರು ಯಾರೆಂದು ತಿಳಿಯಬೇಕು. ಇಂಗ್ಲಿಷ್ ಪುಸ್ತಕ ಓದಿದ ವಿದ್ಯಾರ್ಥಿಗಳು ‘ಮೋಲ್’ ಎನ್ನುತ್ತಾರೆ. ಯುರೋಪು, ಅಮೆರಿಕಗಳ ಹುಲ್ಲುಹಾಸಿನಡಿ ಸುರಂಗ ಕೊರೆಯುವ ಆ ಪ್ರಾಣಿಯ ಆಹಾರ ಎರೆಹುಳು ಮತ್ತು ಕೀಟಗಳು. ಭಾರತದಲ್ಲಿ ಅದರ ಬಂಧುಗಳು ಪೂರ್ವ ಹಿಮಾಲಯ ಹಾಗೂ ಈಶಾನ್ಯದ ಬೆಟ್ಟಗಳಲ್ಲಿವೆ. ನಮ್ಮ ಪಶ್ಚಿಮ ಘಟ್ಟದಲ್ಲಿಲ್ಲ. ಇಲ್ಲಿ ಗುಪ್ಪೆ ಹಾಕುವುದು ಬಹುಪಾಲು ಸಣ್ಣ ಹೆಗ್ಗಣ. ಶಾಸ್ತ್ರೀಯವಾಗಿ ಅದರ ಹೆಸರು ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಹಂದಿಯಿಲಿ ಎಂಬ ಅರ್ಥದ ತೆಲುಗಿನ ‘ಪಂದಿಕೊಕ್ಕು’ ಪದವೇ ಇಂಗ್ಲಿಷಿನಲ್ಲಿ ‘ಬ್ಯಾಂಡಿಕೂಟ್’ ಆಯಿತು. ಬಿಲದ ಬಾಯಿಯನ್ನು ಒಳಗಿನಿಂದ ಸಡಿಲ ಮಣ್ಣಿನಿಂದ ಮುಚ್ಚಿಕೊಳ್ಳುವುದು ಇದರ ಅಭ್ಯಾಸ. ಸುಗ್ಗಿಯಲ್ಲಿ ಇದರ ಕಣಜವನ್ನು ಅಗೆದರೆ ಕಿಲೋಗಟ್ಟಲೆ ಭತ್ತ ಸಿಗುವುದುಂಟು.

ಎಲ್ಲ ಬಿಲವೂ ಹೆಗ್ಗಣದ್ದಲ್ಲ. ಬದುವಿನ ತೇವದ ತೂತು ಏಡಿಯದಾಗಿರಬಹುದು. ಚೂಪು ಮೂತಿಯ, ಕಟುವಾಸನೆಯ ಮೂಗಿಲಿಯನ್ನು ಇಲಿಯೆಂದು ಹೊಡೆಯುವವರಿದ್ದಾರೆ. ಅದು ಇಲಿಯ ಕುಲಕ್ಕೇ ಸೇರಿದ್ದಲ್ಲ. ಜಿರಳೆ, ಹುಳುಗಳನ್ನು ತಿಂದು ನಮಗೆ ಉಪಕಾರ ಮಾಡುವಂಥದು.

ಇನ್ನು ವಿಷದ ವಿಚಾರ. ಪೇಟೆಯಲ್ಲಿ ಸಿಗುವ ಕಪ್ಪು ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಯ ಆಮ್ಲಕ್ಕೆ ಸೇರಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಮಗುವಾಗಲಿ, ನಾಯಿಯಾಗಲಿ, ತಿಂದವರ ಗತಿ ಒಂದೇ. ಸ್ವಲ್ಪ ತಿಂದು ಬದುಕಿದ ಇಲಿ ಆ ರುಚಿಯನ್ನು ನೆನಪಿಟ್ಟುಕೊಂಡು ಮತ್ತೆ ಮುಟ್ಟುವುದಿಲ್ಲ. ಇನ್ನೊಂದು ವಿಷ ಬ್ರೊಮಾಡಿಯೋಲೋನ್ ಬಿಲ್ಲೆ. ಇದು ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳ ನಂತರ ಕೊಲ್ಲುತ್ತದೆ. ಆ ದಿನಗಳಲ್ಲಿ ನಿತ್ರಾಣಗೊಂಡ ಇಲಿ ಬಯಲಲ್ಲಿ ತೆವಳುತ್ತಿರುತ್ತದೆ. ಗೂಬೆ, ಹಾವು, ಬೆಕ್ಕುಗಳಿಗೆ ಅದು ಸುಲಭದ ತುತ್ತು, ಜೊತೆಗೆ ವಿಷದ ತುತ್ತು.

ಲೆಕ್ಕ ನೋಡಿ. ಹೆಗ್ಗಣದ ಬಸಿರು ಸುಮಾರು ಮೂರು ವಾರ. ಒಂದು ಸೂಲಿಗೆ ಆರೆಂಟು ಮರಿಗಳು ಸಾಮಾನ್ಯ. ಕಣಜ ಗೂಬೆಗೆ ಕಾವು ಕೊಡಲು ಒಂದು ತಿಂಗಳು, ಮರಿ ಹಾರಲು ಮತ್ತೆರಡು ತಿಂಗಳು ಬೇಕು. ಒಂದು ಜೋಡಿ ಗೂಬೆ ಸತ್ತರೆ ಆ ಸ್ಥಾನ ತುಂಬುವಷ್ಟರಲ್ಲಿ ಹೆಗ್ಗಣದ ಹಲವು ಸೂಲು ಮುಗಿದಿರುತ್ತದೆ. ಮುಂದಿನ ವರ್ಷ ಇನ್ನಷ್ಟು ವಿಷ ಬೇಕೆನಿಸುವುದು ಈ ಕಾರಣದಿಂದಲೇ.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಅನ್ನ ಮತ್ತು ಆಸರೆಯನ್ನು ತಪ್ಪಿಸುವುದು. ಚೆಲ್ಲಿದ ಕಾಳು, ಹಿಂಡಿ, ಕೋಳಿ ಆಹಾರವನ್ನು ರಾತ್ರಿ ಅಂಗಳದಲ್ಲಿ ಬಿಡಬಾರದು. ಸೌದೆಯನ್ನು ನೆಲದಿಂದ ಎತ್ತರಿಸಿ ಒಟ್ಟಬೇಕು. ಅಡಿಕೆ ಸಿಪ್ಪೆಯ ರಾಶಿಯನ್ನು ಮನೆಯ ಪಕ್ಕದಲ್ಲಿ ವರ್ಷಗಟ್ಟಲೆ ಇಡಬಾರದು. ಗದ್ದೆಯ ಬದು ಅಗತ್ಯಕ್ಕಿಂತ ದಪ್ಪವಿದ್ದರೆ ಅದೇ ಹೆಗ್ಗಣದ ಮನೆ. ಅದನ್ನು ಸವರಿ ಕಿರಿದು ಮಾಡಬೇಕು.

ಎರಡನೆಯದು ಜೀವಂತ ಬಿಲವನ್ನು ಗುರುತಿಸುವುದು. ಸಂಜೆ ಎಲ್ಲ ತೂತುಗಳನ್ನು ಮುಚ್ಚಿ, ಗುಪ್ಪೆಗಳನ್ನು ಸಮ ಮಾಡಿ. ಬೆಳಿಗ್ಗೆ ಎಲ್ಲಿ ಹೊಸಮಣ್ಣು ಕಾಣುತ್ತದೋ ಅಲ್ಲಿ ಮಾತ್ರ ಕೆಲಸ. ಹೀಗೆ ಗುರುತಿಸದೆ ಹೊರಟರೆ ಬೆಟ್ಟ ಅಗೆದು ಇಲಿ ಹಿಡಿದಂತಾದೀತು.

ಮೂರನೆಯದು ಬೋನು. ಒಣಮೀನು ಅಥವಾ ಸುಟ್ಟ ಕೊಬ್ಬರಿಯನ್ನಿಟ್ಟು, ಎರಡು ಮೂರು ರಾತ್ರಿ ಬೋನನ್ನು ಹೂಡದೆ ಬಿಡಿ. ಇಲಿಯ ಅಂಜಿಕೆ ಕಳೆದ ಮೇಲೆ ಅದರ ಓಡಾಟದ ದಾರಿಯಲ್ಲೇ ಹೂಡಿ. ತಂಜಾವೂರಿನ ರೈತರ ಬಿದಿರಿನ ಬಿಲ್ಲುಬೋನನ್ನು ನಮ್ಮಲ್ಲೂ ಮಾಡಿಕೊಳ್ಳಬಹುದು. ಅಂಟು ಹಾಳೆ ಮಾತ್ರ ಬೇಡ. ಅದಕ್ಕೆ ಹಲ್ಲಿ, ಹಕ್ಕಿ, ಮೂಗಿಲಿಗಳೂ ಸಿಕ್ಕಿ ನರಳಿ ಸಾಯುತ್ತವೆ. ಹಿಡಿದುದನ್ನು ಪಕ್ಕದ ಊರಿನ ಗಡಿಯಲ್ಲಿ ಬಿಡುವುದೂ ಪರಿಹಾರವಾಗದು.

ಈ ಕೆಲಸವನ್ನು ಒಂದೇ ಮನೆ ಮಾಡಿದರೆ ನೆರೆಯ ಹಿತ್ತಿಲಿನಿಂದ ಹೆಗ್ಗಣ ಬಂದು ಖಾಲಿ ಬಿಲ ಸೇರುತ್ತದೆ. ಕೇರಿಯವರೆಲ್ಲ ಒಂದೇ ವಾರದಲ್ಲಿ, ಬೆಳೆಯಿಲ್ಲದ ಬೇಸಿಗೆಯಲ್ಲಿ ಒಮ್ಮೆ, ಭತ್ತ ಹೊಡೆಯಾಗುವ ಮುನ್ನ ಇನ್ನೊಮ್ಮೆ ಮಾಡಬೇಕು.

ಒಂದು ಎಚ್ಚರಿಕೆ. ಇಲಿಯ ಮೂತ್ರ ಬೆರೆತ ನೀರು, ಕೆಸರುಗಳಿಂದ ಚರ್ಮದ ಗಾಯದ ಮೂಲಕ ಇಲಿಜ್ವರ ತಗಲುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಲಾದ ಕ್ಯಾಸನೂರು ಕಾಡಿನ ಕಾಯಿಲೆಯ ಉಣ್ಣೆಗಳಿಗೂ ಇಲಿ, ಮೂಗಿಲಿಗಳು ಆಸರೆ. ಆದ್ದರಿಂದ ಬಿಲ ಅಗೆಯುವಾಗ ಕೈಗವಸು, ಗಂಬೂಟು ಇರಲಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಬಳಿಕ ಜ್ವರ ಬಂದರೆ ವೈದ್ಯರಿಗೆ ಬಿಲ ಅಗೆದ ಸಂಗತಿಯನ್ನು ತಪ್ಪದೆ ತಿಳಿಸಿ.

ಕೊನೆಯದಾಗಿ, ನಮ್ಮ ಸಹಾಯಕರನ್ನು ಉಳಿಸಿಕೊಳ್ಳೋಣ. ಕೇರೆ ಹಾವಿಗೆ ವಿಷವಿಲ್ಲ. ಅದು ಬಿಲದೊಳಕ್ಕೇ ನುಗ್ಗಿ ಇಲಿ ಹಿಡಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಗೂಬೆ ಕೂಗಿದರೆ ಅಪಶಕುನವೆಂದು ಕಲ್ಲೆಸೆಯುವವರು, ಅದು ರಾತ್ರಿಯಿಡೀ ಕಾಯುತ್ತಿರುವುದು ತಮ್ಮದೇ ಗದ್ದೆಯನ್ನೆಂದು ತಿಳಿಯಬೇಕು. ಗದ್ದೆಯಲ್ಲಿ ಅಲ್ಲಲ್ಲಿ ಅಡ್ಡಪಟ್ಟಿಯ ಗೂಟ ನೆಟ್ಟರೆ ಅದಕ್ಕೆ ಕೂರಲು ಜಾಗವಾಗುತ್ತದೆ. ಹಳೆಯ ಅಟ್ಟ, ಮರದ ಪೊಟರೆಗಳಲ್ಲಿ ಗೂಡಿದ್ದರೆ ಹಾಗೆಯೇ ಬಿಡಿ.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಈ ಬೇಸಿಗೆಯಲ್ಲಿ ನಿಮ್ಮ ಕೇರಿಯ ಜೀವಂತ ಬಿಲಗಳನ್ನು ಎಣಿಸಿ ಬರೆದಿಡಿ. ಮೇಲಿನ ಕ್ರಮಗಳನ್ನು ಕೈಗೊಂಡ ಒಂದು ತಿಂಗಳ ನಂತರ ಮತ್ತೆ ಎಣಿಸಿ. ಆ ಎರಡು ಸಂಖ್ಯೆಗಳನ್ನು ಮನೆಯ ಹಿರಿಯರ ಮುಂದಿಟ್ಟ ಬಳಿಕ, ವಿಷದ ಪೊಟ್ಟಣ ಬೇಕೇ ಬೇಡವೇ ಎಂಬುದನ್ನು ಅವರೊಡನೆ ಕುಳಿತು ನಿರ್ಧರಿಸಿ.