ಸವೆದದ್ದು ನಾಣ್ಯವೋ, ಅಚ್ಚೋ?

ಸವಕಲು ನಾಣ್ಯ ಎಂಬುದು ನಮ್ಮಲ್ಲಿ ತಾತ್ಸಾರದ ಮಾತು. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಬೆಳ್ಳಿ ಡಾಲರನ್ನು ಕೈಗೆತ್ತಿಕೊಂಡವರು ಮೊದಲು ಕೇಳಬೇಕಾದದ್ದು, ಸವೆದಿರುವುದು ಏನು ಎಂದು. ಮಸುಕಾದ ನಾಣ್ಯವೆಲ್ಲ ಜನರ ಕೈಯಲ್ಲಿ ಓಡಾಡಿದ್ದಲ್ಲ.

1878ರ ಬ್ಲ್ಯಾಂಡ್-ಆಲಿಸನ್ ಕಾಯಿದೆಯ ಪ್ರಕಾರ ಅಮೆರಿಕದ ಖಜಾನೆ ತಿಂಗಳಿಗೆ ಕನಿಷ್ಠ 20 ಲಕ್ಷ ಡಾಲರ್ ಬೆಲೆಯ ಬೆಳ್ಳಿಯನ್ನು ಕೊಂಡು ನಾಣ್ಯ ಮಾಡಬೇಕಾಯಿತು. ಇಂಗ್ಲೆಂಡಿನಿಂದ ಬಂದಿದ್ದ ಕೆತ್ತನೆಗಾರ ಜಾರ್ಜ್ ಮಾರ್ಗನ್ ಇದಕ್ಕೆ ರೂಪ ಕೊಟ್ಟ. ಒಂದು ಬದಿಗೆ ಸ್ವಾತಂತ್ರ್ಯದೇವಿಯ ಮುಖ, ಇನ್ನೊಂದು ಬದಿಗೆ ಹದ್ದು. ತೂಕ 26.73 ಗ್ರಾಂ, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಎಲ್ಲವೂ ಅವಸರದಲ್ಲಿ ನಡೆಯಿತು. ಮೊದಲು ಹದ್ದಿನ ಬಾಲಕ್ಕೆ ಎಂಟು ಗರಿಗಳಿದ್ದವು. ಅದೇ ವರ್ಷ ಏಳಕ್ಕೆ ಇಳಿಸಿದರು. ಎಂಟು ಗರಿಯ ಕೆಲವು ಅಚ್ಚುಗಳ ಮೇಲೆಯೇ ಏಳು ಗರಿಯ ರೂಪವನ್ನು ಒತ್ತಿದ್ದರಿಂದ, ಕೆಲವು ನಾಣ್ಯಗಳಲ್ಲಿ ಹಳೆಯ ಗರಿಗಳ ತುದಿ ಇಂದಿಗೂ ಕೆಳಗಿನಿಂದ ಇಣುಕುತ್ತದೆ.

ಟಂಕಸಾಲೆಯ ಗುರುತಿನ ಅಕ್ಷರವನ್ನು ಒಂದೊಂದು ಅಚ್ಚಿಗೂ ಬೇರೆ ಬೇರೆಯಾಗಿ ಒತ್ತುತ್ತಿದ್ದರು. ಕಾರ್ಸನ್ ಸಿಟಿಯಲ್ಲಿ 1893ಕ್ಕೆ ನಾಣ್ಯದ ಕೆಲಸ ನಿಂತಿತು. ಉಳಿದ ಅಚ್ಚುಗಳನ್ನು ಎಸೆಯದೆ, ಅಲ್ಲಿನ 'ಸಿಸಿ' ಗುರುತಿನ ಮೇಲೆ ನ್ಯೂ ಆರ್ಲಿಯನ್ಸಿನ 'ಓ' ಒತ್ತಿ 1900ರಲ್ಲಿ ಬಳಸಿಬಿಟ್ಟರು. ಸರಕಾರದ ಮಿತವ್ಯಯವೂ ಭೂತಗನ್ನಡಿಗೆ ಸಿಕ್ಕಿಬೀಳುತ್ತದೆ! ಇಂಥ ಭೇದಗಳನ್ನು ಪಟ್ಟಿ ಮಾಡಿದ ವ್ಯಾನ್ ಆಲೆನ್ ಮತ್ತು ಮಾಲಿಸ್ ಅವರ ಹೆಸರಿನ ಮೊದಲಕ್ಷರಗಳಿಂದಲೇ 'ವ್ಯಾಮ್' ಎಂಬ ಸಂಖ್ಯಾಕ್ರಮ ಬಳಕೆಗೆ ಬಂತು.

ಈಗ ಸವೆತದ ಮಾತು. ನಾಣ್ಯ ಕೈಯಿಂದ ಕೈಗೆ ಹೋದಂತೆ ಮೊದಲು ತೇಯುವುದು ಉಬ್ಬಿದ ಜಾಗ, ಅಂದರೆ ದೇವಿಯ ಕಿವಿಯ ಮೇಲಿನ ಕೂದಲು ಮತ್ತು ಹದ್ದಿನ ಎದೆ. ತೊಡಕೇನೆಂದರೆ, ಒತ್ತಡ ಸಾಲದೆ ಹೋದಾಗ ಅಚ್ಚು ಸರಿಯಾಗಿ ಮೂಡದಿರುವುದೂ ಅಲ್ಲಿಯೇ. ನ್ಯೂ ಆರ್ಲಿಯನ್ಸಿನ ಅನೇಕ ಡಾಲರುಗಳು ಚೀಲದಿಂದ ಆಚೆ ಬಾರದೆಯೂ ಎದೆ ಚಪ್ಪಟೆಯಾಗಿವೆ. ವ್ಯತ್ಯಾಸ ತಿಳಿಯಲು ಹೊಳಪನ್ನು ನೋಡಬೇಕು. ತೇದ ಜಾಗ ಮಂಕಾಗಿ ಬೂದುಬಣ್ಣಕ್ಕೆ ತಿರುಗಿರುತ್ತದೆ. ಮೂಡದ ಜಾಗದಲ್ಲಿ ಹೊಳಪು ಉಳಿದಿರುತ್ತದೆ. ಇನ್ನು ಅಚ್ಚೇ ದಣಿದಿದ್ದರೆ ಅಕ್ಷರಗಳ ಅಂಚು ಹರಡಿಕೊಳ್ಳುತ್ತದೆ. ಅಚ್ಚು ಬಿರಿದರೆ ಆ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆಯಾಗುತ್ತದೆ. ಗೀರು ತಗ್ಗಾಗಿದ್ದರೆ ಅದು ಜನರ ಕೈಯ ಕೆಲಸ, ಉಬ್ಬಿದ್ದರೆ ಅಚ್ಚಿನದು. ಪಾತ್ರೆಯಂತೆ ತಿಕ್ಕಿ ತೊಳೆದವರು ಈ ಸಾಕ್ಷ್ಯವನ್ನೆಲ್ಲ ಅಳಿಸಿ, ಬೆಲೆಯನ್ನೂ ಕಳೆಯುತ್ತಾರೆ.

ಇದು ಬರೀ ಹವ್ಯಾಸಿಗಳ ಚಪಲವಲ್ಲ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ ಮಾಡಿದ್ದು ಕೇವಲ 1,00,000 ಡಾಲರ್. ಆದ್ದರಿಂದ ಬೆಲೆ ಬಹಳ. ಫಿಲಡೆಲ್ಫಿಯಾದಲ್ಲಿ ಮಾಡಿದ ಅದೇ ವರ್ಷದ ಡಾಲರಿಗೆ 'ಎಸ್' ಅಂಟಿಸಿ ಮಾರುವ ವಂಚಕರಿಗೆ ಕೊರತೆಯಿಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊದ ಆ ಒಂದು ಲಕ್ಷವನ್ನೂ ಮುಖದ ಬದಿಯಲ್ಲಿ ಒಂದೇ ಅಚ್ಚಿನಿಂದ ಒತ್ತಿದ್ದರು. 'ಲಿಬರ್ಟಿ' ಎಂಬ ಪದದಲ್ಲಿನ 'ಟಿ' ಅಕ್ಷರದ ತಲೆಯಲ್ಲಿ ಆ ಅಚ್ಚು ಒಂದು ಓರೆ ಗೆರೆಯನ್ನು ಬಿಟ್ಟಿದೆ. ಅಕ್ಷರ ಅಂಟಿಸುವವನು ಹದ್ದಿನ ಬದಿಯಲ್ಲಿ ಎಷ್ಟೇ ನಾಜೂಕಾಗಿ ಕೆಲಸ ಮಾಡಲಿ, ಇನ್ನೊಂದು ಬದಿ ಅವನನ್ನು ಹಿಡಿದುಕೊಡುತ್ತದೆ.

ಎಷ್ಟು ಟಂಕಿಸಿದರು ಎಂಬ ಲೆಕ್ಕದಿಂದ ಎಷ್ಟು ಉಳಿದಿವೆ ಎಂದು ಹೇಳಲಾಗದು. ಇದರಲ್ಲಿ ಭಾರತಕ್ಕೂ ಪಾಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುವವರ ನೂಕುನುಗ್ಗಲಿನಿಂದ ಇಲ್ಲಿನ ಬ್ರಿಟಿಷ್ ಸರಕಾರ ಕಂಗಾಲಾಗಿತ್ತು. 1918ರ ಪಿಟ್‌ಮನ್ ಕಾಯಿದೆಯಡಿ ಅಮೆರಿಕ 27 ಕೋಟಿಗೂ ಹೆಚ್ಚು ಡಾಲರುಗಳನ್ನು ಕರಗಿಸಿತು; ಅದರಲ್ಲಿ ಬಹುಪಾಲು ಬೆಳ್ಳಿ ಭಾರತಕ್ಕೆಂದು ಬ್ರಿಟನ್ನಿಗೆ ಮಾರಾಟವಾಯಿತು. ಯಾವ ವರ್ಷದ, ಯಾವ ಟಂಕಸಾಲೆಯ ನಾಣ್ಯಗಳು ಮೂಸೆಗೆ ಹೋದವೆಂದು ಯಾರೂ ಬರೆದಿಡಲಿಲ್ಲ. ಅಜ್ಜಿಯಂದಿರ ಪೆಟ್ಟಿಗೆಯಲ್ಲಿದ್ದ ಐದನೆಯ ಜಾರ್ಜ್ ಮುಖದ ರೂಪಾಯಿಗಳಲ್ಲಿ ಮಾರ್ಗನ್ನನ ಹದ್ದಿನ ಬೆಳ್ಳಿಯೂ ಸೇರಿರಬಹುದು.

1903ರ ನ್ಯೂ ಆರ್ಲಿಯನ್ಸ್ ಡಾಲರುಗಳೂ ಹಾಗೆಯೇ ಕರಗಿಹೋದವೆಂದು ಎಲ್ಲರೂ ನಂಬಿದ್ದರು; ಬೆಲೆ ಗಗನಕ್ಕೇರಿತ್ತು. 1962ರಲ್ಲಿ ಖಜಾನೆಯ ಉಗ್ರಾಣದಿಂದ ಅವು ಚೀಲಗಟ್ಟಲೆ ಹೊರಬಂದವು. ಬೆಲೆ ನೆಲಕಚ್ಚಿತು.